ಬೆಲ್ಲನೀರು ಕೇಳಿದ ಮಾಂತ್ರಿಕ

ಬೆಟ್ಟಗಳಿಗೆ ಇನ್ನೂ ಯಾರೂ ಹೆಸರಿಡದ ಕಾಲದಲ್ಲಿ ಮೈಸಿರಿ ಎಂಬ ರಾಜ್ಯವಿತ್ತು. ಅಲ್ಲಿ ಕಹಳೆಯವರದ್ದೇ ಒಂದು ಕೇರಿ. ಕೆಮ್ಮುಕರಡಿ ಬರಲಿ, ಬೂಷ್ಟುಬೆಕ್ಕು ಬರಲಿ, ಅವರು ಕಹಳೆ ಊದಿದರೆ ಸಾಕು, ಸೈನಿಕರು ಎದ್ದು ಓಡಿಸುತ್ತಿದ್ದರು. ಕಹಳೆ ಕೇಳದಿದ್ದರೆ ಗೊರಕೆ ಹೊಡೆಯುತ್ತಿದ್ದರು. ಪಾಪ, ಅವರ ಪದ್ಧತಿಯೇ ಹಾಗೆ.

ಆ ಕೇರಿಯ ಬಾಗಿಲುಗಳಿಗೆ ಮಾತು ಬರುತ್ತಿತ್ತು. ಯಾರಾದರೂ ಹೊಸ್ತಿಲು ಮುಟ್ಟಿ "ಬೆಲ್ಲನೀರು ಕೊಡಿ" ಎಂದರೆ "ಬನ್ನಿ, ಬನ್ನಿ" ಎಂದು ತಾವಾಗಿಯೇ ತೆರೆಯುತ್ತಿದ್ದವು. ಬಂದವರ ಹೆಸರು ಕೇಳುವುದು ಅಲ್ಲಿ ಮರ್ಯಾದೆಗೇಡು. ಪ್ರತಿ ಮನೆಯಲ್ಲೂ ಒಂದು ಓಲೆಗಳ ಕಟ್ಟು ಇತ್ತು. ಬೆಳಗಾದರೆ ಅದರಲ್ಲಿ ಬರೆದದ್ದನ್ನೇ ಮನೆಯವರು ಮಾಡಬೇಕು.

ಇದು ತಿರುವುಮುರುವ ಎಂಬ ಮಾಂತ್ರಿಕನಿಗೆ ಗೊತ್ತಾಯಿತು. ಅವನಿಗೆ ಮನೆಯಿಲ್ಲ, ಮಠವಿಲ್ಲ. ಕಂಕುಳಲ್ಲಿ ಹಿಂದುಮುಂದಾಗಿ ಬರೆದ ಒಂದು ಓಲೆ ಮಾತ್ರ. ಅವನು ಕಹಳೆಯ ಕೇತಯ್ಯನ ಹೊಸ್ತಿಲು ಮುಟ್ಟಿ ಬೆಲ್ಲನೀರು ಕೇಳಿದ. ಒಳಗೆ ಹೋದವನೇ ತನ್ನ ಓಲೆಯನ್ನು ನೆಟ್ಟಗೆ ತಿರುಗಿಸಿ ಬರೆದು, ಮನೆಯ ಕಟ್ಟಿನ ನಡುವೆ ಪೋಣಿಸಿಬಿಟ್ಟ. ಅದರಲ್ಲಿದ್ದದ್ದು ಒಂದೇ ಮಾತು: 'ನನ್ನಂಥವರನ್ನು ಮಾಡಿರಿ.'

ಮರುದಿನದಿಂದ ಕೇತಯ್ಯ ಕಹಳೆ ಮರೆತು ಮಾಂತ್ರಿಕರನ್ನೇ ಮಾಡತೊಡಗಿದ. ಅವರು ಪಕ್ಕದ ಮನೆಗಳಿಗೆ ಹೋಗಿ ಬೆಲ್ಲನೀರು ಕೇಳಿದರು. ವರ್ಷಗಟ್ಟಲೆ ಯಾರಿಗೂ ತಿಳಿಯಲಿಲ್ಲ. ಕಹಳೆಗಳು ಒಂದೊಂದಾಗಿ ನಿಂತವು; ಉಳಿದ ಒಂದೆರಡರ ಸದ್ದು ಸೈನಿಕರ ಗೊರಕೆಯಲ್ಲಿ ಮುಳುಗಿಹೋಯಿತು. ಕೊನೆಗೊಂದು ದಿನ ಬಡಕಲು ಬೂಷ್ಟುಬೆಕ್ಕೊಂದು ಬಂದು ಸಿಂಹಾಸನದ ಮೇಲೆ ಮಲಗಿತು. ಓಡಿಸಲು ಒಬ್ಬ ಸೈನಿಕನೂ ಏಳಲಿಲ್ಲ. ರಾಜ ಬೊಪ್ಪದೇವ ನೆಲದ ಮೇಲೆ ಕೂತ.

ಕೇತಯ್ಯನ ಕಟ್ಟಿನಲ್ಲಿ ಮಾಂತ್ರಿಕನ ಓಲೆಯಿದೆ ಎಂದು ತಿಳಿದ ಊರವರು, ತಮಗೂ ಅಂಟೀತೆಂದು ಹೆದರಿ ಅವನ ಮನೆಯಲ್ಲಿ ಬೆಲ್ಲನೀರು ಕುಡಿಯುವುದನ್ನೇ ಬಿಟ್ಟರು. ಕೇತಯ್ಯನ ಮಗಳು ಏಚಲೆಗೆ ಅದನ್ನು ಸಹಿಸಲಾಗಲಿಲ್ಲ. ಅಪ್ಪ ಮತ್ತೆ ಕಹಳೆ ಊದಬೇಕು, ಅಷ್ಟೇ ಅವಳ ಹಟ. ಅವಳು ಕಾಡಿನ ಮದ್ದಜ್ಜಿಯ ಬಳಿಗೆ ಹೋದಳು.

"ಅವನ ಓಲೆ ಕಿತ್ತು ಬಿಸಾಕ್ಲಾ ಅಜ್ಜಿ?"

"ಕಿತ್ರೆ ಕಟ್ಟೇ ಬಿಚ್ಚಿ ಚೆಲ್ಲಾಪಿಲ್ಲಿ ಆಗುತ್ತೆ ಕಣೇ. ಅವನನ್ನ ಕೊಲ್ಲೋ ಮದ್ದು ನನ್ನ ಹತ್ರ ಇಲ್ಲ. ಮಲಗಿಸೋಕೆ ಮೂರು ಪುಡಿ ಇವೆ. ದಿನಾ ಹಾಕ್ಬೇಕು. ಮರೆತ್ಯೋ, ಎದ್ದು ಕೂತ್ಕೋತಾನೆ."

ಕೇರಿಯ ಮೊದಲ ಮನೆಗೆ ಮಾಂತ್ರಿಕ ಇನ್ನೂ ಹೊಕ್ಕಿರಲಿಲ್ಲ. ಏಚಲೆ ಮೊದಲ ಪುಡಿಯನ್ನು ಹೊಸ್ತಿಲಿಗೆ ಸವರಿದಳು.

"ಬೆಲ್ಲನೀರು ಕೊಡಿ," ಎಂದ ಅಲ್ಲಿಗೆ ಬಂದ ಒಬ್ಬ ಮಾಂತ್ರಿಕ.

"ತಮ್ಮ ಹೆಸರು?" ಎಂದಿತು ಬಾಗಿಲು. ಹುಟ್ಟಿದಾಗಿನಿಂದ ಅದು ಕೇಳಿದ ಮೊದಲ ಪ್ರಶ್ನೆ ಅದು. ಮಾಂತ್ರಿಕ ತಬ್ಬಿಬ್ಬಾಗಿ ಹೊರಟುಹೋದ.

ಎರಡನೆಯ ಮನೆಯಲ್ಲಿ ಇನ್ನೊಬ್ಬ ಮಾಂತ್ರಿಕ ಆಗಲೇ ಒಳಗೆ ಕೂತು ಓಲೆ ತಿರುಗಿಸಿ ಬರೆಯುತ್ತಿದ್ದ. ಏಚಲೆ ಎರಡನೆಯ ಪುಡಿಯನ್ನು ಊದಿದಳು. ಬರೆಯುವ ಕಡ್ಡಿ ಅರ್ಧ ಅಕ್ಷರಕ್ಕೇ ಅಂಟಿಕೊಂಡಿತು. ಅರ್ಧ ಅಕ್ಷರ ಓದಿ ಯಾರು ತಾನೇ ಏನು ಮಾಡಿಯಾರು?

ಮೂರನೆಯದು ಅವಳದೇ ಮನೆ. ಅಲ್ಲಿ ಹೊಸ ಮಾಂತ್ರಿಕರು ಹೂಮಾಲೆಯ ಹಾಗೆ ಒಬ್ಬರಿಗೊಬ್ಬರು ಅಂಟಿಕೊಂಡೇ ಹುಟ್ಟುತ್ತಿದ್ದರು. ಅವರನ್ನು ಬಿಡಿಸಲು ಒಂದು ಮಾಯಾಕತ್ತರಿ ಇತ್ತು. ಮೂರನೆಯ ಪುಡಿ ಬಿದ್ದದ್ದೇ ಕತ್ತರಿ ಮೊಂಡಾಯಿತು. ಮಾಂತ್ರಿಕರೆಲ್ಲ ಮುದ್ದೆಯಾಗಿ ಉರುಳಿ ಬಿದ್ದರು.

ಹೀಗೆ ದಿನಾ ಮೂರು ಪುಡಿ ಹಾಕುತ್ತಾ ಬಂದಳು. ಒಂದು ಬೆಳಿಗ್ಗೆ ಕೇತಯ್ಯ ಮೂಲೆಯ ಕಹಳೆಯನ್ನು ಎತ್ತಿ ಊದಿದ. ಸೈನಿಕರು ಎದ್ದರು. ಬೂಷ್ಟುಬೆಕ್ಕು ಸಿಂಹಾಸನದಿಂದ ಹಾರಿ ಓಡಿತು. ಏಚಲೆ ಅಪ್ಪನನ್ನು ತಬ್ಬಿಕೊಂಡು ಅತ್ತಳು, ನಕ್ಕಳು, ಆ ಸಂಭ್ರಮದಲ್ಲಿ ಪುಡಿ ಹಾಕುವುದನ್ನೇ ಮರೆತಳು. ಕೆಲವು ದಿನ ಕಳೆಯುವಷ್ಟರಲ್ಲಿ ಒಳಗಿನಿಂದ ಕತ್ತರಿಯ ಸದ್ದು ಕೇಳಿತು. ಓಡಿಹೋಗಿ ಪುಡಿ ಹಾಕಿದಳು.

"ಇನ್ಮೇಲೆ ಊಟ ಮರೆತರೂ ಇದನ್ನ ಮರೆಯಲ್ಲ, ಅಪ್ಪಾ!"

ಕಹಳೆ ಊದಿದವನನ್ನು ನೋಡಲು ರಾಜನೇ ಬಂದ. ಊರವರು ದೂರದಲ್ಲಿ ಗುಂಪುಗೂಡಿದರು. ರಾಜ ಬಗ್ಗಿ ಹೊಸ್ತಿಲು ಮುಟ್ಟಿದ.

"ನನ್ನ ಹೆಸರು ಬೊಪ್ಪದೇವ. ಬೆಲ್ಲನೀರು ಕೊಡು, ಕೇತಯ್ಯಾ."

"ನಮ್ಮನೇಲಾ, ಬುದ್ಧೀ?" ಎಂದ ಕೇತಯ್ಯ. ಅವನು ಚೊಂಬನ್ನು ಬೆನ್ನ ಹಿಂದೆ ಮರೆಮಾಡಿದ.

"ಅವನು ಹೊಕ್ಕಿದ್ದು ನಿನ್ನ ಓಲೆಯೊಳಗೆ, ನಿನ್ನ ಚೊಂಬಿನೊಳಗಲ್ಲ. ತಾರಯ್ಯಾ, ಬಾಯಾರಿದೆ."

ರಾಜ ಒಂದು ಚೊಂಬು ಕುಡಿದ, ಇನ್ನೊಂದು ಕೇಳಿದ. ಅವನಿಗೆ ಏನೂ ಆಗಲಿಲ್ಲ, ಹೊಟ್ಟೆ ತುಂಬಿತು ಅಷ್ಟೇ. ಊರವರು ಒಬ್ಬೊಬ್ಬರಾಗಿ ಬಂದು ತಂತಮ್ಮ ಹೆಸರು ಹೇಳಿ ಕೈಯೊಡ್ಡಿದರು. ಮನೆಯ ಬೆಲ್ಲವೆಲ್ಲ ಆ ದಿನವೇ ಖಾಲಿಯಾಯಿತು.

ಮಾಂತ್ರಿಕನ ಓಲೆ ಈಗಲೂ ಆ ಕಟ್ಟಿನಲ್ಲೇ ಮಲಗಿದೆಯಂತೆ. ದಿನಾ ಬೆಳಿಗ್ಗೆ ಏಚಲೆ ಮೂರು ಚಿಟಿಕೆ ಪುಡಿ ಹಾಕುತ್ತಾಳೆ, ಆಮೇಲೆ ಕೇತಯ್ಯ ಕಹಳೆ ಊದುತ್ತಾನೆ, ಮೈಸಿರಿಯವರು ಸುಖವಾಗಿ ಎದ್ದು ತಮ್ಮ ಕೆಲಸಕ್ಕೆ ಹೋಗುತ್ತಾರೆ.