ಮುಖ ಬೇಡ, ಕೊರಳು ಸಾಕು

ಊರಿಗೆಲ್ಲ ನನ್ನ ಕೊರಳು ಗೊತ್ತು. ಮುಖ ಯಾರಿಗೂ ಗೊತ್ತಿಲ್ಲ.

ನಾನು ಸ್ಕಾರ್ಫ್ ಅಂಗಡಿಯಲ್ಲಿ ಕೆಲಸ ಮಾಡುತ್ತಿದ್ದೆ. ಪುಟ್ಟ ಸ್ಕಾರ್ಫುಗಳಲ್ಲ, ಹಾಸಿದರೆ ಮಂಚ ಮುಚ್ಚುವಷ್ಟು ದೊಡ್ಡವು. ಆಸೆಪಟ್ಟು ಕೊಂಡವರು ಮನೆಗೆ ಹೋಗಿ, ಇದನ್ನು ಹೊದೆಯುವುದೋ ಸುತ್ತಿಕೊಳ್ಳುವುದೋ ತಿಳಿಯದೆ ತಲೆ ಕೆರೆದುಕೊಂಡು ಮರುದಿನವೇ ವಾಪಸ್ ತರುತ್ತಿದ್ದರು. ಅಂಗಡಿಯ ಒಡತಿ, ನಮ್ಮ ಮೇಡಂ, ಅದಕ್ಕೊಂದು ಉಪಾಯ ಹುಡುಕಿದರು. ಪ್ರತಿ ಸ್ಕಾರ್ಫಿನ ಜೊತೆ ಒಂದು ಕಾರ್ಡ್, ಕಾರ್ಡಿನ ತುಂಬ ಅದನ್ನು ಹಾಕಿಕೊಳ್ಳುವ ಬಗೆಬಗೆಯ ಫೋಟೋ. ಆ ಫೋಟೋಗಳಲ್ಲಿ ತುಟಿಯಿಂದ ಕೆಳಗೆ, ಸೊಂಟದಿಂದ ಮೇಲೆ ಇರುವವಳು ನಾನು.

ಫೋಟೋಗ್ರಾಫರ್ ಮೊದಲ ಸಲ ಬಂದ ದಿನ ನಾನು ಹುಬ್ಬು ತಿದ್ದಿಸಿ, ಕಾಡಿಗೆ ಹಚ್ಚಿ, ಲಿಪ್‌ಸ್ಟಿಕ್ ಹಾಕಿಕೊಂಡು ನಿಂತಿದ್ದೆ. ಅವರು ಕ್ಯಾಮೆರಾಗೆ ಕಣ್ಣಿಟ್ಟು, ಸ್ಟ್ಯಾಂಡನ್ನು ಸ್ವಲ್ಪ ಇಳಿಸಿ, "ಮುಖ ಬೇಡ, ಕೊರಳು ಸಾಕು" ಎಂದರು.

ನನಗೆ ಮೈಯೆಲ್ಲ ಉರಿದುಹೋಯಿತು.

"ಯಾಕೆ, ಮುಖ ಅಷ್ಟು ಕೆಟ್ಟದಾಗಿದೆಯಾ?"

"ಮೇಡಂ ಹೇಳಿದ್ದು. ಮುಖ ಇದ್ರೆ ಜನ ಮುಖಾನೇ ನೋಡ್ತಾರಂತೆ. ಸ್ಕಾರ್ಫ್ ನೋಡಲ್ವಂತೆ."

"ಹಾಗಾದ್ರೆ ಚೆನ್ನಾಗಿದೆ ಅಂತಾಯ್ತು."

ಅವರು ನಗಲಿಲ್ಲ. ಹುಬ್ಬು ಗಂಟಿಕ್ಕಿಕೊಂಡೇ ಬಟನ್ ಒತ್ತಿದರು. ಅವತ್ತೇ ಅವರಿಗೆ ಗಂಟುಮೋರೆ ಎಂದು ಹೆಸರಿಟ್ಟೆ. ಅದು ಹೇಗೋ ಅವರ ಕಿವಿಗೆ ಬಿತ್ತು. ಮುಂದಿನ ಸಲ ಬಂದವರು ಬಾಗಿಲಲ್ಲೇ ನಿಂತು, "ಏನ್ ಕೊರಳಮ್ಮೋರೇ, ರೆಡಿನಾ?" ಎಂದರು. ಲೆಕ್ಕ ಚುಕ್ತಾ.

ಆಮೇಲೆ ಹೊಸ ಸರಕು ಬಂದಾಗಲೆಲ್ಲ ಗಂಟುಮೋರೆ ಬಂದರು. ಅಂಗಡಿಯ ಹಿಂದಿನ ಕೋಣೆ, ಒಂದು ಕಿಟಕಿ, ಬಿಳಿ ಗೋಡೆ. ಸ್ಕಾರ್ಫನ್ನು ಸುಮ್ಮನೆ ಹೆಗಲಿಗೆ ಹಾಕಿ ಎರಡೂ ತುದಿ ಇಳಿಬಿಟ್ಟರೆ ಒಂದು ಬಗೆ. ಒಂದು ತುದಿಯನ್ನು ಬೆನ್ನಿಗೆ ಎಸೆದರೆ ಇನ್ನೊಂದು. ಮೂಲೆಗೆ ಮೂಲೆ ಸೇರಿಸಿ ತ್ರಿಕೋನ ಮಾಡಿ ಎದೆಯ ಮೇಲೆ ಬಿಟ್ಟರೆ ಹಕ್ಕಿ ಕೂತಂತೆ ಕಾಣುತ್ತದೆ. ಹೆಗಲ ಮೇಲಿಂದ ಇಳಿಸಿ ಸೊಂಟಕ್ಕೆ ಬೆಲ್ಟ್ ಬಿಗಿದರೆ ಕೋಟು. ಹಿಂದೆ ಗಂಟು ಹಾಕಿ ಕೈ ತೂರಿಸಿದರೆ ತೋಳಿನ ಅಂಗಿ. ನಾನಂತೂ ಯಾವುದನ್ನು ಹೇಗೆ ಹಾಕಿದರೆ ಅವರು ಹೆಚ್ಚು ಹೊತ್ತು ನಿಲ್ಲುತ್ತಾರೆ ಎಂದೇ ಯೋಚಿಸುತ್ತಿದ್ದೆ.

ಅವರು ಮಾತ್ರ ನನ್ನನ್ನು ಮುಟ್ಟುತ್ತಿರಲಿಲ್ಲ. ಮಡಿಕೆ ಸರಿಯಿಲ್ಲದಿದ್ದರೆ ಕಿವಿಗೆ ಸಿಕ್ಕಿಸಿದ ಪೆನ್ಸಿಲ್ ತೆಗೆದು ಅದರ ತುದಿಯಿಂದ ಬಟ್ಟೆ ಸರಿಸುತ್ತಿದ್ದರು. ಅಷ್ಟು ಹತ್ತಿರ ಬಂದರೂ ಕಣ್ಣು ಸ್ಕಾರ್ಫ್ ಬಿಟ್ಟು ಮೇಲೇಳುತ್ತಿರಲಿಲ್ಲ. ಅವರ ಉಸಿರು ಮಾತ್ರ ನನ್ನ ಕತ್ತಿಗೆ ತಾಗುತ್ತಿತ್ತು.

"ಇಷ್ಟು ಹೆದರ್ಕೊಂಡು ಸರಿಸ್ತೀರಲ್ಲ, ನಾನೇನು ಕಚ್ತೀನಾ?"

"ಗೊತ್ತಿಲ್ಲ. ಹಲ್ಲು ಫ್ರೇಮಲ್ಲಿಲ್ಲ."

ನಾನು ನಕ್ಕೆ. ಫೋಟೋ ಅಲುಗಿತು. "ನಗ್ಬೇಡಿ, ಕೊರಳೂ ನಗುತ್ತೆ" ಎಂದು ಗದರಿದರು. ಗಂಟಿನ ಎಳೆಎಳೆ ಎಣಿಸುವ ಹಾಗೆ ಇರಬೇಕು ಎಂಬುದು ಮೇಡಂ ಅಪ್ಪಣೆ. ಅದಕ್ಕೆ ಅವರು ಪ್ರತಿ ಫೋಟೋಗೂ ಮುಂಚೆ "ಫೋಕಸ್ ಗಂಟಿನ ಮೇಲೆ" ಎಂದು ಗೊಣಗಿಕೊಳ್ಳುತ್ತಿದ್ದರು. ಹತ್ತಿರದ ಲೆನ್ಸ್, ಗಂಟು ಚೊಕ್ಕವಾಗಿ ಬಂದರೆ ಹಿಂದಿನದೆಲ್ಲ ಮಬ್ಬು. ಒಂದೇ ಒಂದು ಸಲ ತಲೆ ಎತ್ತಿ ನನ್ನ ಮುಖ ನೋಡಲಿ ಎಂದು ನಾನು ಕಾಯುತ್ತಿದ್ದೆ. ಪ್ರೀತಿಯಾಗಿತ್ತು. ಸುತ್ತಿಬಳಸಿ ಹೇಳುವುದೇನಿದೆ?

ಈ ನಗೆಯೆಲ್ಲ ನಡೆಯುವಾಗ ನನ್ನ ಅಕ್ಕ ಬದುಕಿದ್ದಳು.

ಜ್ವರ ಎಂದು ಆಸ್ಪತ್ರೆಗೆ ಹೋದವಳು ತಿರುಗಿ ಬರಲಿಲ್ಲ. ಇಬ್ಬರು ಹೆಣ್ಣುಮಕ್ಕಳು. ದೊಡ್ಡವಳು ಶಾಲೆಗೆ ಹೋಗುತ್ತಿದ್ದಳು. ಚಿಕ್ಕದು ಆಗಷ್ಟೇ ತಪ್ಪುಹೆಜ್ಜೆ ಇಡುತ್ತಿತ್ತು, ನನ್ನ ಹೆಗಲ ಮೇಲಲ್ಲದೆ ನಿದ್ದೆ ಮಾಡುತ್ತಿರಲಿಲ್ಲ. ಯಾರೂ ನನ್ನನ್ನು ಬಲವಂತ ಮಾಡಲಿಲ್ಲ. ಅಮ್ಮ ಒಂದು ದಿನ ಮಗುವಿನ ತಲೆ ಒರೆಸುತ್ತ, "ಬೇರೆ ಯಾರೋ ಬಂದು ಇವಕ್ಕೆ ಅಮ್ಮ ಆದ್ರೆ, ನಾವು ನೋಡ್ಕೊಂಡು ಸುಮ್ನಿರಕ್ಕಾಗುತ್ತಾ?" ಎಂದಳು. ಅಷ್ಟೇ.

ಭಾವ ಒಳ್ಳೆಯವರು. ಅದೇ ಕಷ್ಟ. ನನ್ನನ್ನು ಕೂರಿಸಿ ಕೇಳಿದರು.

"ನಿನಗೆ ಬೇರೆ ಯಾರಾದ್ರೂ ಇದ್ರೆ ಹೇಳಮ್ಮ. ಅತ್ತೆ ಹತ್ರ ನಾನೇ ಮಾತಾಡ್ತೀನಿ."

"ಯಾರೂ ಇಲ್ಲ ಭಾವ."

ಇನ್ನೇನು ಹೇಳಲಿ? ಒಂದು ಪೆನ್ಸಿಲ್ ಇದೆ ಎನ್ನಲೇ?

ಚಳಿಗಾಲದ ಕಾರ್ಡಿಗೆ ಗಂಟುಮೋರೆ ಬಂದರು. ಮೇಡಂ ಸ್ಕಾರ್ಫುಗಳನ್ನು ನನ್ನ ಕೈಗಿಡುತ್ತ, ತರಕಾರಿ ಬೆಲೆ ಹೇಳಿದಷ್ಟು ಸಲೀಸಾಗಿ, "ಮುಂದಿನ ಸಲ ಬೇರೆ ಕೊರಳು ಹುಡುಕ್ಬೇಕು ಕಣ್ರೀ. ಇವಳಿಗೆ ಮದುವೆ. ಇವಳ ಭಾವನ ಜೊತೆಗೇ" ಎಂದರು.

ಪೆನ್ಸಿಲ್ ನೆಲಕ್ಕೆ ಬಿದ್ದು ಮೇಜಿನ ಕೆಳಗೆ ಉರುಳಿತು. ಯಾರೂ ಎತ್ತಲಿಲ್ಲ.

ಅವತ್ತು ಗಂಟುಮೋರೆ ಎಲ್ಲ ಫೋಟೋ ಒಂದರ ಹಿಂದೊಂದು ತೆಗೆದರು. ಮಡಿಕೆ ಸರಿಯಿದೆಯೇ ಎಂದು ಕೂಡ ನೋಡಲಿಲ್ಲ. ಮೇಡಂ ಗಿರಾಕಿ ಬಂದರೆಂದು ಮುಂದಕ್ಕೆ ಹೋದರು.

"ಇನ್ನೊಂದು ತೆಗೀಲಾ?"

"ಕಾರ್ಡಿಗೆ ಇಷ್ಟೇ ಅಲ್ವಾ?"

"ಕಾರ್ಡಿಗಲ್ಲ. ನನಗೆ." ಅವರು ಸ್ಟ್ಯಾಂಡ್ ಎತ್ತರಿಸಿದರು. "ಮುಖ ಸೇರಿಸಿ."

ಮೊದಲ ದಿನ ಅಷ್ಟೆಲ್ಲ ಬಳಿದುಕೊಂಡು ಬಂದವಳು ನಾನು. ಈಗ ಕಾಡಿಗೆಯಿಲ್ಲ, ತಲೆಯನ್ನೂ ನೆಟ್ಟಗೆ ಬಾಚಿರಲಿಲ್ಲ. ಸಾಸಿವೆ ಬಣ್ಣದ ಸ್ಕಾರ್ಫ್ ತೆಗೆದುಕೊಂಡು ಕೊರಳ ಮುಂದೆ ದಪ್ಪಗೆ ಒಂದೇ ಗಂಟು ಹಾಕಿದೆ. ಮೊದಲ ಕಾರ್ಡಿನ ಮೊದಲ ಗಂಟು.

ಅವರು ಕ್ಯಾಮೆರಾದ ಹಿಂದೆ ನಿಂತರು. ಆದರೆ ಅದಕ್ಕೆ ಕಣ್ಣಿಡಲಿಲ್ಲ. ಅದರ ಮೇಲಿಂದ ನೇರವಾಗಿ ನನ್ನನ್ನೇ ನೋಡಿದರು. ಹಣೆ ನೋಡಿದರು, ಕಣ್ಣು ನೋಡಿದರು, ಗಲ್ಲದ ಮೇಲಿನ ಹಳೆಯ ಕಲೆ ನೋಡಿದರು. ಅವರ ಹುಬ್ಬಿನ ಗಂಟು ಬಿಚ್ಚಿಕೊಂಡಿತ್ತು. ಎಂಥ ಚೆಂದದ ಮುಖವನ್ನು ಇಷ್ಟು ದಿನ ಬಚ್ಚಿಟ್ಟುಕೊಂಡಿದ್ದ ಮಹಾರಾಯ! ನೋಡುತ್ತಲೇ ಬಟನ್ ಒತ್ತಿದರು.

"ಇದನ್ನ ಮುಂಚೆ ಕೇಳಬಾರದಿತ್ತಾ?" ಎಂದೆ.

"ಪ್ರತಿ ಸಲ ಕೇಳಬೇಕು ಅಂತಲೇ ಬರ್ತಿದ್ದೆ."

"ಬಂದು?"

"ಮಡಿಕೆ ಸರಿ ಮಾಡಿ ಹೋಗ್ತಿದ್ದೆ."

ನಾನು ನಗಲು ಹೋದೆ, ಅರ್ಧದಲ್ಲಿ ಅದು ಅಳುವಾಯಿತು.

"ಕೇಳಿದ್ರೆ ಏನಂತಿದ್ರಿ?" ಎಂದರು.

"ಹೂಂ ಅಂತಿದ್ದೆ. ನೀವು ಬಾಯಿ ತೆಗೆಯೋಕೆ ಮುಂಚೇನೇ ಹೂಂ ಅಂತಿದ್ದೆ."

"ಈಗ?"

"ಈಗ ಎರಡು ಮಕ್ಕಳು ಬಾಗಿಲು ಕಾಯ್ತಾ ಕೂತಿರ್ತಾವೆ."

ಕೆನ್ನೆಗಂಟಿದ ಕೂದಲು ಸರಿಸಲೆಂದು ಅವರ ಕೈ ಅಭ್ಯಾಸದಿಂದ ಕಿವಿಯ ಮೇಲಿನ ಪೆನ್ಸಿಲಿಗೆ ಹೋಯಿತು. ಪೆನ್ಸಿಲ್ ಅಲ್ಲಿರಲಿಲ್ಲ. ಬೆರಳಿನಿಂದಲೇ ಸರಿಸಿದರು. ಬೆರಳು ತಣ್ಣಗಿತ್ತು. ನಮ್ಮ ಇಡೀ ಪ್ರೇಮದಲ್ಲಿ ಅವರು ನನ್ನನ್ನು ಮುಟ್ಟಿದ್ದು ಅಷ್ಟೇ.

ನನ್ನ ಕೆಲಸದ ಕೊನೆಯ ದಿನ ಮೇಡಂ ಆ ಸಾಸಿವೆ ಬಣ್ಣದ ಸ್ಕಾರ್ಫನ್ನೇ ಉಡುಗೊರೆ ಕೊಟ್ಟರು. ಹೊರಗೆ ಭಾವನ ಕಾರು ನಿಂತಿತ್ತು, ಮಕ್ಕಳೂ ಬಂದಿದ್ದರು. ಮೆಟ್ಟಿಲಿಳಿಯುವಷ್ಟರಲ್ಲಿ ಗಂಟುಮೋರೆ ಏದುಸಿರು ಬಿಡುತ್ತ ಬಂದು ಕವರೊಂದನ್ನು ಮುಂದೆ ಹಿಡಿದರು. ಒಳಗಿದ್ದ ಫೋಟೋ ಹೊರತೆಗೆದು ನೋಡಿದೆ.

ಸಾಸಿವೆ ಬಣ್ಣದ ಗಂಟು ಎದ್ದು ಬರುವ ಹಾಗಿತ್ತು. ಒಂದೊಂದು ಎಳೆಯನ್ನೂ ಎಣಿಸಬಹುದಿತ್ತು. ಅದರ ಮೇಲೆ, ನಾನಿರಬೇಕಾದ ಕಡೆ, ಮಬ್ಬು. ಕಣ್ಣೆಲ್ಲಿ, ಮೂಗೆಲ್ಲಿ, ಏನೂ ತಿಳಿಯದು.

"ಫೋಕಸ್ ಗಂಟಿನ ಮೇಲೇ ಉಳಿದುಬಿಟ್ಟಿದೆ," ಎಂದರು. "ಕೈ ಅಭ್ಯಾಸ. ನಾನು ನಿಮ್ಮನ್ನೇ ನೋಡ್ತಿದ್ದೆ. ಕ್ಯಾಮೆರಾ ಏನು ನೋಡ್ತಿದೆ ಅಂತ ನೋಡಲಿಲ್ಲ. ಒಂದೇ ನಿಮಿಷ ನಿಂತ್ಕೊಳ್ಳಿ, ಇನ್ನೊಂದು ತೆಗೀತೀನಿ."

"ಚಿಕ್ಕಮ್ಮಾ!" ಕಾರಿನಿಂದ ದೊಡ್ಡವಳು ಕೂಗಿದಳು.

"ಬೇಡ," ಎಂದೆ. "ಇದೇ ಇರ್ಲಿ."

"ಇದ್ರಲ್ಲಿ ನೀವೇ ಇಲ್ವಲ್ಲ!"

"ಅದಕ್ಕೇ ಇರ್ಲಿ. ಮುಖ ಕಂಡ್ರೆ, ನಾಳೆ ನಿಮ್ಮ ಮನೆಗೆ ಬರೋಳು ಯಾರಿದು ಅಂತ ಕೇಳ್ತಾಳೆ. ಇದಾದ್ರೆ ಸ್ಕಾರ್ಫಿನ ಫೋಟೋ ಅನ್ಬಹುದು. ಗೋಡೆಗೆ ಹಾಕ್ಕೊಂಡ್ರೂ ಯಾರೂ ಕೇಳಲ್ಲ."

"ಯಾರೂ ಬರೋದಿಲ್ಲ."

"ಬರ್ತಾಳೆ ಬಿಡಿ."

ಬಾಯಿ ಹಾಗೆ ಹೇಳಿತು. ಫೋಟೋವನ್ನು ಕವರಿಗೆ ಹಾಕಿ ಅವರ ಕೈಗೇ ಕೊಟ್ಟೆ. ಹಾಕಿಕೊಳ್ಳಲು ನನ್ನದೆನ್ನುವ ಒಂದು ಗೋಡೆಯೂ ನನಗಿರಲಿಲ್ಲ.

ಕಾರಿನಲ್ಲಿ ಭಾವನ ಪಕ್ಕ ಕೂತು ಚಿಕ್ಕದನ್ನು ತೊಡೆಗೆ ಹಾಕಿಕೊಂಡೆ. ಸ್ಕಾರ್ಫ್ ಬಿಡಿಸಿ ನಮ್ಮಿಬ್ಬರನ್ನೂ ಸೇರಿಸಿ ಸುತ್ತಿ, ಅಂಚನ್ನು ಮೂಗು, ಕಣ್ಣು, ಹಣೆಯವರೆಗೂ ಎಳೆದುಕೊಂಡೆ. ಅದೂ ಒಂದು ಬಗೆ. ಕಾರ್ಡಿನಲ್ಲಿ ಇಲ್ಲದ್ದು.

"ಚಳಿನಾ?" ಭಾವ ಕೇಳಿದರು.

"ಹೂಂ. ಚಳಿ."

ಅವರು ಪಾಪ, ನನ್ನ ಕಡೆಯ ಗಾಜನ್ನೂ ಏರಿಸಿದರು. ಅಂಗಡಿಯ ಮೆಟ್ಟಿಲು, ಮೆಟ್ಟಿಲ ಮೇಲೆ ನಿಂತವರು, ಎಲ್ಲ ಅದರ ಹಿಂದೆ ಉಳಿಯಿತು.

ಚಿಕ್ಕದು ಇದೊಂದು ಆಟವೆಂದುಕೊಂಡಿತು. ಪುಟ್ಟ ಕೈಗಳಿಂದ ಸ್ಕಾರ್ಫಿನ ಅಂಚು ಜಗ್ಗುತ್ತ, "ಮುಖ! ಮುಖ!" ಎಂದು ಕೇಕೆ ಹಾಕಿತು.

ಕಣ್ಣೊರೆಸಿಕೊಂಡು ತೋರಿಸಿದೆ.