ಕಂಡ ಸಮಯ, ತಿಳಿಸಿದ ಸಮಯ

"ಕೈ ಇಳಿಸಬೇಡ!"

ಪರದೇಶದ ಆ ಆಸ್ಪತ್ರೆಯಲ್ಲಿ ಅವಳ ಕಿವಿಗೆ ಬಿದ್ದ ಮೊದಲ ಕನ್ನಡ ಮಾತು ಇದು. ಅದೂ ಬೈಗುಳ!

ಗಾಬರಿಯಲ್ಲಿ ಅವಳ ಬಾಯಿಂದ "ಅಯ್ಯೋ ದೇವರೇ" ಅಂತ ಬಂದಿತ್ತು. ಅದನ್ನು ಕೇಳಿಸಿಕೊಂಡ ಕಿರಿಯ ಸರ್ಜನ್, ಮಾಸ್ಕಿನ ಮೇಲಿಂದ ಕಣ್ಣು ಕೆಂಪಗೆ ಮಾಡಿಕೊಂಡು ನೋಡುತ್ತಿದ್ದ. ತೊಳೆದ ಕೈ ಎದೆಯ ಮಟ್ಟದಿಂದ ಕೆಳಗಿಳಿಯಬಾರದು. ಮೆಡಿಕಲ್ ಕೊನೆಯ ವರ್ಷದವಳಿಗೆ ಅಷ್ಟೂ ಗೊತ್ತಿಲ್ಲವೇ?

"ಮತ್ತೆ ತೊಳಿ. ಮೊದಲಿಂದ."

ಈ ಸಿಡುಕುಮೂತಿಯ ಜೊತೆ ತರಬೇತಿಯ ಆರು ವಾರ ಏಗಬೇಕಾ!

ಏಗಿದಳು. ಕೊಕ್ಕೆಯಿಂದ ಗಾಯದ ಅಂಚು ಎಳೆದು ಹಿಡಿದು ಗಂಟೆಗಟ್ಟಲೆ ನಿಂತಳು. ಕುರ್ಚಿಯ ಕಾಲಿಗೆ ದಾರ ಸುತ್ತಿ ಗಂಟು ಹಾಕುವುದನ್ನು ಕಲಿತಳು. ಮೂರನೇ ವಾರ ಅವಳು ಹಾಕಿದ ಹೊಲಿಗೆ ನೋಡಿ ಅವನು "ಪರವಾಗಿಲ್ಲ" ಅಂದ. ಆ ಒಂದು ಮಾತನ್ನು ಹುಚ್ಚಿ ನಾಲ್ಕು ದಿನ ಮೆಲುಕು ಹಾಕಿದಳು.

"ದಿನಾ ಬೈತೀನಿ. ಬೇಜಾರಿಲ್ವಾ?" ಕ್ಯಾಂಟೀನಿನಲ್ಲಿ ಒಮ್ಮೆ ಕೇಳಿದ.

"ಬೈಯದ ದಿನ ಬೇಜಾರು ಸಾರ್..."

ಅವನು ಕಾಫಿ ಲೋಟದೊಳಗೆ ಮುಖ ಮರೆಸಿಕೊಂಡ. ಅವಳಿಗೆ ಅಷ್ಟೇ ಸಾಕಾಗಿತ್ತು.

ಐದನೇ ವಾರ, ಅಪಘಾತವಾದ ರೋಗಿಯ ಹೊಟ್ಟೆ ಹೊಲಿಯುವಾಗ ಸೂಜಿ ಅವಳ ಎಡಗೈ ಬೆರಳಿಗೆ ಚುಚ್ಚಿತು. ಗ್ಲೌಸಿನೊಳಗೆ ಒಂದು ಕೆಂಪು ಚುಕ್ಕೆ.

ನಿಯಮ ಗೊತ್ತಿತ್ತು. ಚುಚ್ಚಿದ ಕೂಡಲೇ ಹೇಳಬೇಕು, ಗ್ಲೌಸ್ ಕಳಚಿ ಹೊರಗೆ ಹೋಗಬೇಕು. ವಿದ್ಯಾರ್ಥಿಯಾದರೆ ತರಬೇತಿ ಮುಗಿಯುವವರೆಗೆ ಆಪರೇಷನ್ ಥಿಯೇಟರಿನೊಳಗೆ ಕಾಲಿಡುವಂತಿಲ್ಲ. ಉಳಿದಿರುವುದು ಒಂದೇ ವಾರ... ಅವಳು ಬೆರಳು ಮಡಚಿಕೊಂಡಳು.

ಮಧ್ಯಾಹ್ನ ಸಿಬ್ಬಂದಿ ಚಿಕಿತ್ಸಾ ಕೊಠಡಿಯಿಂದ ಕರೆ ಬಂತು. ಸೂಜಿ ಚುಚ್ಚಿದ್ದನ್ನು ತಿಳಿಸಿದ್ದು ಅವನೇ!

ಅವಳು ವರಾಂಡದಲ್ಲೇ ಅವನನ್ನು ಅಡ್ಡಗಟ್ಟಿದಳು. "ಚಾಡಿ ಹೇಳಿದ್ರಾ? ನನ್ನನ್ನೇ ಒಂದು ಮಾತು ಕೇಳ್ಬಾರದಿತ್ತಾ?"

ಅವನು ತಲೆ ತಗ್ಗಿಸಿದ. "ಮಾತ್ರೆ ನುಂಗಿದ್ಯಾ?"

"ನಿಮಗ್ಯಾಕೆ? ನನ್ನನ್ನ ಹೊರಗೆ ಹಾಕಿದ್ರಲ್ಲ, ಸಂತೋಷವಾಗಿರಿ!"

ಮರುದಿನ ರೋಗಿಗೆ ರಕ್ತದಿಂದ ಹರಡುವ ಸೋಂಕಿದೆ ಎಂದು ಗೊತ್ತಾಯಿತು. ಅದು ತಗುಲದಂತೆ ತಡೆಯಲು ಇಪ್ಪತ್ತೆಂಟು ದಿನ ಮಾತ್ರೆ. ನುಂಗಿದ್ದೆಲ್ಲ ವಾಂತಿ. ಸೋಂಕು ತಗುಲಿದೆಯೋ ಇಲ್ಲವೋ ಎಂದು ತಿಳಿಯಲು ಇನ್ನೂ ವಾರಗಟ್ಟಲೆ ಕಾಯಬೇಕು. ಅಮ್ಮನಿಗೆ ಹೇಳುವ ಧೈರ್ಯ ಬರಲಿಲ್ಲ. ಒಂದು ಸಲ ಅವನ ಮುಖ ನೋಡಿದ್ದರೆ... ಛೆ! ಆ ಚಾಡಿಕೋರನ ಮುಖವೇ?

ಊರಿಗೆ ಹೊರಡುವ ಹಿಂದಿನ ದಿನ ಸಹಿ ಹಾಕಲೆಂದು ಚಿಕಿತ್ಸಾ ಕೊಠಡಿಯ ನರ್ಸ್ ಸೂಜಿ ಗಾಯಗಳ ದಾಖಲೆ ಪುಸ್ತಕವನ್ನು ಅವಳ ಮುಂದಿಟ್ಟಳು. ಅವನದೇ ಅಕ್ಷರ.

ಕಂಡ ಸಮಯ: ಹನ್ನೊಂದು ಹತ್ತು. ತಿಳಿಸಿದ ಸಮಯ: ಎರಡು ಗಂಟೆ. ತಡಕ್ಕೆ ಕಾರಣ: ನನ್ನ ತಪ್ಪು.

ಅವಳು ಮತ್ತೊಮ್ಮೆ ಓದಿದಳು. ಇಷ್ಟು ದಿನ ಅವನು ಹೇಳಿದನೆಂದು ಉರಿಯುತ್ತಿದ್ದಳು. ಅವನು ಹೇಳದೆ ಇದ್ದದ್ದು ಸುಮಾರು ಮೂರು ಗಂಟೆ!

ಅವನು ಹಳೆಯ ಫೈಲುಗಳ ಕೋಣೆಯಲ್ಲಿದ್ದ. ಅವನನ್ನೂ ಥಿಯೇಟರಿನಿಂದ ಹೊರಗಿಟ್ಟಿದ್ದರು.

"ಮೊದಲ ಮಾತ್ರೆ ಎಷ್ಟು ಬೇಗ ನುಂಗಿದ್ರೆ ಅಷ್ಟು ಒಳ್ಳೇದು ಅಂತ ಪಾಠ ಮಾಡಿದ್ದು ನೀವು! ನೋಡಿಯೂ ಸುಮ್ನಿದ್ರಾ?"

"ಇದ್ದೆ."

"ಯಾಕೆ?"

"ಹೇಳಿದ್ರೆ ನಿನ್ನನ್ನ ಕಳಿಸಿಬಿಡ್ತಾರೆ ಅಂತ..." ಅವನು ಕೈಯಲ್ಲಿದ್ದ ಫೈಲು ಮುಚ್ಚಿದ. "ಇನ್ನೊಂದು ವಾರ ನೀನು ನನ್ನ ಪಕ್ಕ ನಿಂತಿರ್ಲಿ ಅನ್ನಿಸ್ತು. ಇದನ್ನ ಪ್ರೀತಿ ಅಂತ ಕರೆಯೋಕೆ ನಂಗೆ ನಾಚಿಕೆ ಆಗುತ್ತೆ. ನಿನ್ನ ರಕ್ತಕ್ಕಿಂತ ನನ್ನ ಆಸೆ ಹೆಚ್ಚಾಯ್ತು."

ಹೊಡೆಯಬೇಕು ಅನ್ನಿಸಿತು. ಎತ್ತಿದ ಕೈಯಿಂದ ಅವನ ಅಂಗಿಯನ್ನು ಹಿಡಿದುಕೊಂಡು ಬಿಕ್ಕಿದಳು.

"ನಾನ್ಯಾಕೆ ಬೆರಳು ಮಡಚಿದೆ ಅಂದ್ಕೊಂಡ್ರಿ? ಕಲಿಯೋಕಾ? ಆ ಜಾಗ ಬಿಟ್ಟು ಹೋಗೋಕೆ ಇಷ್ಟ ಇರ್ಲಿಲ್ಲ, ಅದಕ್ಕೆ! ಇಬ್ರೂ ಸೇರಿ ನನ್ನನ್ನ ಹಾಳು ಮಾಡಿದ್ವಿ."

ಇಬ್ಬರೂ ಅತ್ತರು. ಕ್ಷಮಿಸಿದೆ ಎಂದು ಅವಳು ಹೇಳಲಿಲ್ಲ. ಕ್ಷಮಿಸು ಎಂದು ಅವನೂ ಕೇಳಲಿಲ್ಲ.

"ಪರೀಕ್ಷೆಯಲ್ಲಿ ಸೋಂಕು ಇದೆ ಅಂತ ಬಂದ್ರೆ?" ಅವಳು ಕೇಳಿದಳು.

"ಬಂದ್ರೂ ನಾನಿರ್ತೀನಿ, ಬರದಿದ್ರೂ ಇರ್ತೀನಿ. ನಿನಗೆ ಬೇಡ ಅನ್ನಿಸಿದ್ರೆ ಮಾತ್ರ ಹೋಗ್ತೀನಿ."

ಆಗಲೇ ಅವಳ ಫೋನು ರಿಂಗಾಯಿತು. ಅಮ್ಮ!

"ಏನಂತ ಹೇಳ್ಲಿ ಅಮ್ಮಂಗೆ?"

"ಇಲ್ಲಿ ಕೊಡು. ಬೈಸ್ಕೋಬೇಕಾದೋನು ನಾನು."

ಅವನು ಫೋನಿನ ಸ್ಪೀಕರ್ ಹಾಕಿ ಎಲ್ಲ ಹೇಳಿದ. ಸೂಜಿ, ಸೋಂಕು, ತಾನು ನುಂಗಿದ ಮೂರು ಗಂಟೆ. ಒಂದನ್ನೂ ಮುಚ್ಚಿಡಲಿಲ್ಲ. ಆ ಕಡೆ ಬಹಳ ಹೊತ್ತು ಅಳುವಿನ ಸದ್ದು. ಆಮೇಲೆ ಅಮ್ಮನ ದನಿ ಗಟ್ಟಿಯಾಯಿತು.

"ಇಷ್ಟೆಲ್ಲ ಹೇಳ್ತಿದೀಯಲ್ಲ, ನೀನು ಅವಳಿಗೆ ಏನಾಗ್ಬೇಕಪ್ಪಾ?"

ಅವನು ಅವಳತ್ತ ನೋಡಿದ. ಕಣ್ಣು ಒರೆಸಿಕೊಂಡು ಅವಳು ಅವನ ತೋಳು ಹಿಡಿದಳು.

"ಹೇಳಿ... ಈಗಲಾದ್ರೂ ತಡ ಮಾಡ್ಬೇಡಿ."