ಎಣ್ಣೆಗಾಣದ ಗರಡಿಯೂ ಹೀರುಗಣ್ಣನ ಉಂಗುರವೂ

ಬಹಳ ಬಹಳ ಹಿಂದೆ, ಏಳು ಕೆರೆಗಳ ನೀರು ಕುಡಿದು ಬೆಳೆದ ಏಳುಕೆರೆ ಎಂಬ ರಾಜ್ಯವಿತ್ತು. ಅಲ್ಲಿ ಮೀನುಗಳು ಮಾತಾಡುತ್ತಿದ್ದವು, ಮಧ್ಯಾಹ್ನದ ಹೊತ್ತು ಬೆಟ್ಟಗಳು ಆಕಳಿಸುತ್ತಿದ್ದವು. ಯಾರಿಗೂ ಅದೊಂದು ವಿಶೇಷ ಅನ್ನಿಸುತ್ತಿರಲಿಲ್ಲ.

ಆ ರಾಜ್ಯದ ಊರಬಾಗಿಲ ಬಳಿ ಒಂದು ಎಣ್ಣೆಗಾಣ, ಗಾಣದ ಹಿತ್ತಿಲಲ್ಲಿ ಒಂದು ಗರಡಿ ಇತ್ತು. ಎರಡನ್ನೂ ನಡೆಸುತ್ತಿದ್ದದ್ದು ಒಂದೇ ಮನೆಯವರು. ಮುಂಜಾನೆ ಗರಡಿ, ಹಗಲು ಗಾಣ, ಸಂಜೆ ಮತ್ತೆ ಗರಡಿ. ಮನೆಯ ಯಜಮಾನ ಕೇತಯ್ಯ ಎತ್ತಿನ ಹಿಂದೆ ಸುತ್ತುತ್ತಲೇ ದೊಡ್ಡ ಹುಡುಗರಿಗೆ ಕುಸ್ತಿಯ ಪಟ್ಟು ಹೇಳಿಕೊಡುತ್ತಿದ್ದ. ಅವನ ತಾಯಿ ಬಾಚವ್ವೆ ಉಳುಕು ತೆಗೆಯುತ್ತಿದ್ದಳು, ಜಾರಿದ ಮೂಳೆ ಕೂರಿಸುತ್ತಿದ್ದಳು. ಮಗಳು ಸೋವಲೆ ಅಖಾಡದ ಕೆಮ್ಮಣ್ಣನ್ನು ಸಡಿಲಿಸಿ ಎಣ್ಣೆ, ಮಜ್ಜಿಗೆ, ಅರಿಸಿನ ಬೆರೆಸುತ್ತಿದ್ದಳು. ಕೇತಯ್ಯನ ಹೆಂಡತಿ ನಾಗಲೆಯ ಒಂದು ಕೈ ಒಲೆಯ ಮೇಲಿನ ಅಂಬಲಿ ಕದಡುತ್ತಿದ್ದರೆ, ಇನ್ನೊಂದು ಕೈ ಚಿಕ್ಕ ಮಕ್ಕಳ ನಿಲುವು ತಿದ್ದುತ್ತಿತ್ತು.

"ಬಗ್ಗು! ಇನ್ನೂ ಬಗ್ಗು! ಅಂಬಲಿ ಉಕ್ಕೋದರೊಳಗೆ ಬಸ್ಕಿ ಮುಗೀಬೇಕು!" ಎಂದು ಅವಳು ಕೂಗಿದರೆ ಬೀದಿಯ ಆ ತುದಿಗೂ ಕೇಳುತ್ತಿತ್ತು. ಮದುವೆಯಾಗಿ ಬಂದ ಹೊಸದರಲ್ಲಿ ಅವಳಿಗೆ ಕುಸ್ತಿಯ ಗಂಧವೂ ಇರಲಿಲ್ಲ. ಅತ್ತೆಯೇ ಕೈಹಿಡಿದು ಅಖಾಡಕ್ಕೆ ಇಳಿಸಿದ್ದಳು. ಈಗ ಮಡಿವಾಳರ ಮಕ್ಕಳು, ಕುಂಬಾರರ ಮಕ್ಕಳು, ಬೆಸ್ತರ ಮಕ್ಕಳು, ಎಲ್ಲರಿಗೂ ಮೊದಲ ಗುರು ಅವಳೇ.

ಹೀಗಿರುವಾಗ ಒಂದು ದಿನ ಹೀರುಗಣ್ಣ ಎಂಬ ಮಾಯಗಾರ ಗರಡಿಗೆ ಬಂದ. ರೇಷ್ಮೆಯ ನಿಲುವಂಗಿ, ಎಣ್ಣೆ ಸವರಿದ ಗಡ್ಡ, ಬೆರಳಲ್ಲೊಂದು ಕರಿಯ ಉಂಗುರ. "ಎಂಥ ಮಕ್ಕಳು! ಭಲೇ, ಭಲೇ!" ಎನ್ನುತ್ತ ಒಬ್ಬೊಬ್ಬರ ಬೆನ್ನನ್ನೂ ತಟ್ಟಿದ. ಕೇತಯ್ಯನ ಬೆನ್ನನ್ನೂ ತಟ್ಟಿ, ಒಲೆಯ ಬಳಿಯಿದ್ದ ಅತ್ತೆ ಸೊಸೆಯರತ್ತ ತಿರುಗಿಯೂ ನೋಡದೆ, ನಗುನಗುತ್ತ ಹೊರಟುಹೋದ.

ಮಾರನೆಯ ದಿನ ಬೆಸ್ತರ ಹುಡುಗನಿಗೆ ದೋಣಿಯ ಹುಟ್ಟು ಎತ್ತಲಾಗಲಿಲ್ಲ. ಕುಂಬಾರರ ಹುಡುಗಿ ಹಸಿ ಮಣ್ಣಿನ ಮುದ್ದೆ ಹಿಡಿದು ಅಲ್ಲೇ ಕುಸಿದಳು. ಕೇತಯ್ಯ ಗಾಣದ ಕಟ್ಟೆಗೆ ಒರಗಿ ಏದುಸಿರು ಬಿಟ್ಟ. ಸೋವಲೆ ಹಾಸಿಗೆಯಿಂದ ಏಳಲೇ ಇಲ್ಲ.

"ಅವ್ವಾ, ನನ್ನ ಕೈ ನನ್ನದಲ್ಲ ಅನ್ನಿಸ್ತಿದೆ," ಎಂದಳು ಮಗಳು. ನಾಗಲೆ ಅವಳ ಅಂಗೈ ಹಿಡಿದು ನೋಡಿದಳು. ಎಣ್ಣೆ ಹಿಂಡಿದ ಹಿಂಡಿಯ ಹಾಗೆ ಒಣಗಿತ್ತು.

ಅದೇ ವಾರ ಅರಮನೆಯ ಮುಂದೆ ಹೀರುಗಣ್ಣ ಹೊಸ ಮಂಟಪ ತೆರೆದ. ಅವನು ಕೊಟ್ಟ ತೋಳಬಂದಿ ಕಟ್ಟಿಕೊಂಡರೆ ಸಾಕು, ಬೆವರಿಲ್ಲದೆ ಬಲ ಬರುತ್ತಿತ್ತು. ದಂಡಿನ ನಾಯಕರು, ಅರಮನೆಯ ಸೋಮಾರಿ ನೆಂಟರು ಬಂಡೆಗಳನ್ನು ಚೆಂಡಿನ ಹಾಗೆ ಎಸೆದಾಡಿದರು. ರಾಜ ಬೀರರಸ ಚಪ್ಪಾಳೆ ತಟ್ಟಿ ಆನಂದಪಟ್ಟ.

ನಾಗಲೆ ಅದನ್ನು ನೋಡಿದಳು. ಒಬ್ಬ ನಾಯಕ ಬಂಡೆ ಎತ್ತುವಾಗ ಸೊಂಟವನ್ನು ಎಡಕ್ಕೆ ವಾಲಿಸಿದ್ದ. ಬೆಸ್ತರ ಹುಡುಗನಲ್ಲಿ ಅವಳು ದಿನಾ ತಿದ್ದುತ್ತಿದ್ದ ತಪ್ಪು ಅದೇ. ಬೆನ್ನು ತಟ್ಟಿದ ಕೈಯೇ ಮಕ್ಕಳ ಬಲ ಕದ್ದಿತ್ತೆಂದು ಅವಳಿಗೆ ಹೊಳೆಯಿತು. ಸೆರಗು ಬಿಗಿದು ನೇರವಾಗಿ ರಾಜಸಭೆಗೆ ನಡೆದಳು.

"ಮಹಾಸ್ವಾಮಿ, ಈ ಮಾಯಗಾರ ನಮ್ಮ ಮಕ್ಕಳ ಬಲವನ್ನು ಕದ್ದು ನಿಮ್ಮವರ ತೋಳಿಗೆ ಕಟ್ಟಿದ್ದಾನೆ. ಅದನ್ನು ವಾಪಸು ಕೊಡಿಸಿ."

ಸಭೆ ನಕ್ಕಿತು. ಹೀರುಗಣ್ಣ ಎಲ್ಲರಿಗಿಂತ ಮೆಲ್ಲಗೆ ನಕ್ಕ. "ಪಾಪ, ಗರಡಿ ಖಾಲಿಯಾಯಿತೆಂದು ಹೊಟ್ಟೆಕಿಚ್ಚು. ಇವಳ ಮಾತು ನಿಜವಾಗಿದ್ದರೆ ಅಖಾಡದಲ್ಲಿ ತೋರಿಸಲಿ. ಇವಳ ಮನೆಯವರು ದಿನಕ್ಕೊಬ್ಬರಂತೆ ನನ್ನ ಮೂವರು ಜಟ್ಟಿಗಳ ಬೆನ್ನನ್ನು ಮಣ್ಣಿಗೆ ಹಚ್ಚಲಿ. ಒಂದರಲ್ಲಿ ಸೋತರೂ ಗರಡಿ ನನಗೆ."

ಬೀರರಸನಿಗೆ ಒಳ್ಳೆಯ ಮೋಜು ಎನ್ನಿಸಿತು. "ಆಗಲಿ," ಎಂದುಬಿಟ್ಟ.

ನಾಗಲೆಗೆ ಮೈಯೆಲ್ಲ ಉರಿಯಿತು. "ಕಳುವಾಗಿದೆ ಎಂದು ಹೇಳಲು ಬಂದವಳು ನಾನು. ಕಳ್ಳನ ಜೊತೆ ಕುಸ್ತಿ ಆಡಿ ಗೆದ್ದರೆ ಮಾತ್ರ ನ್ಯಾಯವೇ? ಹಾಗಾದರೆ ಬಡಕಲು ಮೈಯವರು ನಿಮ್ಮ ರಾಜ್ಯದಲ್ಲಿ ಎಲ್ಲಿಗೆ ಹೋಗಬೇಕು ಬುದ್ಧೀ?"

ರಾಜ ಹೋಗೆಂದು ಕೈಬೀಸಿದ. ಕಾವಲಿನವರು ಅವಳನ್ನು ಹೊರಗೆ ದಾಟಿಸಿದರು.

ಮನೆಗೆ ಬಂದು ಅವಳು ಸೌಟನ್ನು ಗೋಡೆಗೆ ಎಸೆದಳು. ಕೇತಯ್ಯ ಗೋಡೆ ಹಿಡಿದು ಎದ್ದು ನಿಂತ. "ಮೊದಲ ಕುಸ್ತಿ ನನ್ನದು," ಎಂದ.

"ನಿಲ್ಲೋಕೇ ಆಗ್ತಿಲ್ಲ ನಿಮಗೆ!"

"ನಿಲ್ಲೋದು ಯಾಕೆ? ನಡೀತೀನಿ."

ಬಾಚವ್ವೆ ಮೂಲೆಯಿಂದ ಸೊಸೆಗೆ ಹೇಳಿದಳು: "ಎರಡನೆಯದು ನನಗಿರಲಿ. ಮೂರನೆಯದು ನಿನಗೆ, ಮಗಳೇ. ಗರಡಿ ನಡೆಸಿದ್ದು ನಾವೆಲ್ಲ ಸೇರಿ ತಾನೆ?"

ಮರುದಿನ ಬೆಳಿಗ್ಗೆ ಅರಮನೆಯ ಅಖಾಡದ ಸುತ್ತ ಊರೆಲ್ಲ ನೆರೆಯಿತು. ಹೀರುಗಣ್ಣ ಚಿಟಿಕೆ ಹೊಡೆದ. ನೆಲ ಸೀಳಿ ಕಬ್ಬಿಣದ ಟಗರೊಂದು ಎದ್ದು ಬಂತು. ಅದು ಗುದ್ದಿದ ಕಂಬ ಪುಡಿಯಾಯಿತು. ಕೇತಯ್ಯ ಅದರ ಕೊಂಬಿನ ಬುಡಕ್ಕೆ ತನ್ನ ಉತ್ತರೀಯ ಬೀಸಿ ಸಿಕ್ಕಿಸಿದ. ಅದು ನುಗ್ಗಿತು. ಅವನು ಒಂದು ಹೆಜ್ಜೆ ಒಳಗೆ ಸರಿದ. ಅದು ತಿರುಗಿತು, ಅವನೂ ತಿರುಗಿದ. ಹುಟ್ಟಿದಾಗಿನಿಂದ ಗಾಣದ ಸುತ್ತ ನಡೆದ ಮನುಷ್ಯ ಅವನು. ಟಗರು ಸುತ್ತಿತು, ಸುತ್ತಿತು, ಸುತ್ತುತ್ತಲೇ ಇತ್ತು. ಕೇತಯ್ಯ ನಡುವೆ ನಿಂತು ಮೆಲ್ಲಗೆ ಹೆಜ್ಜೆ ಬದಲಿಸುತ್ತ "ಹೋ, ಹೋ, ಬಾ ಮಗನೇ," ಎಂದು ಎತ್ತಿಗೆ ಹೇಳುವ ಹಾಗೆ ಹೇಳಿದ. ಕೊನೆಗೆ ಅದಕ್ಕೆ ತಲೆ ತಿರುಗಿ ನಾಲ್ಕು ಕಾಲೂ ಮೇಲಾಗಿ ಧೊಪ್ಪೆಂದು ಬಿತ್ತು.

ಊರು ಕೇಕೆ ಹಾಕಿತು. ಹೀರುಗಣ್ಣ ಎದ್ದು, "ಇದು ಕುಸ್ತಿಯಲ್ಲ, ದನ ಮೇಯಿಸುವ ಕೆಲಸ!" ಎಂದ. ನಾಯಕರೆಲ್ಲ ಹೌದು ಹೌದೆಂದರು.

"ಬೆನ್ನು ಮಣ್ಣಿಗೆ ತಾಗಿತೋ ಇಲ್ಲವೋ?" ನಾಗಲೆ ಗುಡುಗಿದಳು. ರಾಜ ನೋಡಿದ. ತಾಗಿತ್ತು.

ಎರಡನೆಯ ಬೆಳಿಗ್ಗೆ ಹೀರುಗಣ್ಣ ಮತ್ತೆ ಚಿಟಿಕೆ ಹೊಡೆದ. ಉಸಿರಿಗೊಮ್ಮೆ ಬೆಂಕಿ ಕಾರುವ ಕರಡಿ ಬಂತು. ಬಾಚವ್ವೆ ಸೊಂಟಕ್ಕೆ ಸೀರೆ ಬಿಗಿದು ಅಖಾಡಕ್ಕೆ ಇಳಿದಳು. ಜನ ಕಣ್ಣು ಮುಚ್ಚಿಕೊಂಡರು. ನಾಗಲೆ ಓಡಿಹೋಗಿ ಅತ್ತೆಯನ್ನು ಎಳೆದುಕೊಳ್ಳಬೇಕೆಂದು ಒಂದು ಕಾಲು ಮುಂದಿಟ್ಟಳು. ಮುದುಕಿ ಕೈಸನ್ನೆಯಿಂದಲೇ ತಡೆದಳು.

ಅವಳು ಕರಡಿಯ ಬೆಂಕಿಯನ್ನು ನೋಡಲಿಲ್ಲ, ನಡಿಗೆಯನ್ನು ನೋಡಿದಳು. ಮುಂಗಾಲೊಂದು ನೆಲಕ್ಕೆ ಪೂರ್ತಿ ಊರುತ್ತಿರಲಿಲ್ಲ.

"ಅಯ್ಯೋ ನನ್ನಪ್ಪ, ಭುಜ ಜಾರಿದೆ ನಿನಗೆ. ನೋವಿಗೆ ಉರೀತಿದ್ದೀಯ. ಈ ಪಾಪಿ ಒಂದು ಬೊಗಸೆ ಎಣ್ಣೆಯನ್ನಾದರೂ ಹಚ್ಚಿಸಲಿಲ್ವಾ?"

ಕರಡಿ ತಲೆ ವಾಲಿಸಿತು. ಅದುವರೆಗೆ ಯಾರೂ ಅದನ್ನು ಆ ಮಾತು ಕೇಳಿರಲಿಲ್ಲ. "ಮಲಗು," ಎಂದಳು ಬಾಚವ್ವೆ. ಅದು ಮಗುವಿನ ಹಾಗೆ ಅಂಗಾತ ಮಲಗಿತು. ಅವಳು ಎಣ್ಣೆ ಸವರಿ, ಅದರ ಪಕ್ಕೆಗೆ ಮೊಣಕಾಲು ಊರಿ ಒಮ್ಮೆ ಎಳೆದಳು. ಟಕ್ಕೆಂದು ಮೂಳೆ ಕೂತಿತು. ಬೆಂಕಿ ಆರಿತು. ಕರಡಿ ಅವಳ ಪಾದ ನೆಕ್ಕಿ ಕಾಡಿನ ಕಡೆಗೆ ನಡೆದುಹೋಯಿತು.

"ಇದೂ ಕುಸ್ತಿಯಲ್ಲ!" ಎಂದು ಹೀರುಗಣ್ಣ ಕಿರುಚಿದ.

"ಹಾಗಾದರೆ ನೀನು ಮಾಡುತ್ತಿರುವುದು ಏನು?" ನಾಗಲೆ ಸಿಂಹಾಸನದ ಕಡೆ ತಿರುಗಿದಳು. "ಮಹಾಸ್ವಾಮಿ, ನನ್ನ ಗಂಡನಿಗೆ ನೆಟ್ಟಗೆ ನಿಲ್ಲಲು ತ್ರಾಣವಿಲ್ಲ, ನನ್ನ ಅತ್ತೆಗೆ ಹಲ್ಲಿಲ್ಲ. ಅವರನ್ನು ಮೃಗಗಳ ಮುಂದೆ ನಿಲ್ಲಿಸಿದಿರಿ. ಅವರು ಗೆದ್ದರೂ ನಿಮಗೆ ಸಾಲದು! ಇನ್ನೂ ಎಷ್ಟು ಸಲ ನಾವು ನಿಜ ಹೇಳಬೇಕು?"

ಬೀರರಸ ಮೊದಲ ಸಲ ತಲೆ ತಗ್ಗಿಸಿದ. ಆದರೂ ಆಡಿದ ಮಾತು ಹಿಂತೆಗೆಯುವ ಧೈರ್ಯ ಅವನಿಗೆ ಬರಲಿಲ್ಲ. "ನಾಳೆ ಕೊನೆಯದು," ಎಂದಷ್ಟೇ ಹೇಳಿದ.

ಮೂರನೆಯ ಬೆಳಿಗ್ಗೆ ಹೀರುಗಣ್ಣ ಚಿಟಿಕೆ ಹೊಡೆಯಲಿಲ್ಲ. ಮಂಟಪದ ಬಾಗಿಲಲ್ಲಿದ್ದ ಕಂಚಿನ ಜಟ್ಟಿಯ ಪ್ರತಿಮೆಯನ್ನು ಅಖಾಡಕ್ಕೆ ತರಿಸಿದ. ನಾಯಕರ ತೋಳಬಂದಿಗಳನ್ನೆಲ್ಲ ಬಿಚ್ಚಿಸಿ ಅವುಗಳ ಬಲವನ್ನು ಉಂಗುರಕ್ಕೆ ತುಂಬಿದ. ಉಂಗುರವನ್ನು ಬೆರಳಿಂದ ಕಳಚಿ ಕಂಚಿನ ಎದೆಗೆ ಒತ್ತಿ ಕೂರಿಸಿದ. ಪ್ರತಿಮೆ ಕಣ್ಣು ಬಿಟ್ಟಿತು. ಅದು ಒಂದು ಹೆಜ್ಜೆ ಇಟ್ಟೊಡನೆ ಏಳು ಕೆರೆಗಳ ನೀರೂ ತುಳುಕಿತು.

ಸೋವಲೆಯನ್ನು ಚಾಪೆಯ ಮೇಲೆ ಮಲಗಿಸಿಕೊಂಡು ತಂದಿದ್ದರು. ಊರಿನ ಮಕ್ಕಳೂ ಹೆತ್ತವರ ಹೆಗಲ ಮೇಲೆ ಬಾಡಿದ ಬಳ್ಳಿಗಳ ಹಾಗೆ ತೂಗುತ್ತಿದ್ದರು. ನಾಗಲೆ ಮಗಳ ಹಣೆ ಮುಟ್ಟಿ ಅಖಾಡಕ್ಕೆ ಇಳಿದಳು.

ಕಂಚಿನ ಜಟ್ಟಿ ಅವಳ ಸೊಂಟ ಹಿಡಿದು ಎತ್ತಿತು. ಉಸಿರು ಕಟ್ಟಿತು. ಅವಳು ಕಲಿತ ಪಟ್ಟುಗಳೆಲ್ಲ ಕಂಚಿಗೆ ತಗಲಿ ವ್ಯರ್ಥವಾದವು. ಜಟ್ಟಿ ಅವಳನ್ನು ಒಮ್ಮೆ ಎಸೆಯಿತು. ಬೆನ್ನು ತಾಗದಂತೆ ಹೊರಳಿ ಎದ್ದಳು. ಎರಡನೆಯ ಸಲ ಎಸೆಯಿತು. ಬಾಯಲ್ಲಿ ರಕ್ತ ಬಂತು, ಆದರೂ ಎದ್ದಳು. ಮೂರನೆಯ ಸಲ ಅದು ಅವಳ ಮಣಿಕಟ್ಟು ಹಿಡಿದಾಗ ನಾಗಲೆಯ ಕಣ್ಣು ಆ ಮುಷ್ಟಿಯ ಮೇಲೆ ನಿಂತಿತು. ಹೆಬ್ಬೆರಳು ಬೆರಳುಗಳ ಒಳಗೆ ಮಡಚಿಕೊಂಡಿತ್ತು. ಹಾಗೆ ಮುಷ್ಟಿ ಹಿಡಿಯುತ್ತಿದ್ದವಳು ಇಡೀ ಏಳುಕೆರೆಯಲ್ಲಿ ಒಬ್ಬಳೇ, ಅವಳ ಮಗಳು.

ದುಃಖ ಒತ್ತರಿಸಿ ಬಂತು. ಅದರ ಹಿಂದೆಯೇ ಕೋಪ ನುಗ್ಗಿತು. ನನ್ನ ಮಗುವಿನ ಕೈಯಿಂದಲೇ ನನ್ನನ್ನು ಹೊಡೆಸುತ್ತಿದ್ದಾನಲ್ಲ!

"ಸೋವಲೆ!" ಎಂದು ಗದರಿದಳು. "ಹೆಬ್ಬೆರಳು ಹೊರಗೆ!"

ಕಂಚಿನ ಹೆಬ್ಬೆರಳು ಸರಕ್ಕನೆ ಹೊರಗೆ ಬಂತು. ಹಿಡಿತ ಸಡಿಲವಾಯಿತು.

ಹೀರುಗಣ್ಣನ ಮುಖ ಬಿಳಿಚಿಕೊಂಡಿತು. "ಒತ್ತು! ಅವಳನ್ನು ಜಜ್ಜಿಹಾಕು!" ಎಂದು ಅರಚಿದ. ಜಟ್ಟಿಯ ಕಾಲು ಮೇಲೆದ್ದಿತು.

"ಯಾರದು ಸೊಂಟ ಎಡಕ್ಕೆ ವಾಲಿಸಿದ್ದು? ನೆಟ್ಟಗೆ ನಿಲ್ಲು! ಕಾಲು ಕೆಳಗೆ! ಎಲ್ಲರೂ ಸಾಲಾಗಿ!"

ಎತ್ತಿದ ಕಾಲು ಕೆಳಗಿಳಿಯಿತು. ಕಂಚಿನ ಜಟ್ಟಿ ನೆಟ್ಟಗೆ ನಿಂತು ಅವಳ ಮುಖವನ್ನೇ ನೋಡಿತು. ಅದರೊಳಗೆ ಇದ್ದದ್ದು ಮಾಯಗಾರನ ಬಲವಲ್ಲ. ಅವಳೇ ತಿದ್ದಿ ತೀಡಿ ಬೆಳೆಸಿದ ಮಕ್ಕಳ ಬಲ. ಅದಕ್ಕೆ ಗೊತ್ತಿದ್ದದ್ದು ಒಂದೇ ದನಿ.

"ಬಸ್ಕಿ!" ಎಂದಳು ನಾಗಲೆ. ಜಟ್ಟಿ ಬಸ್ಕಿ ಹೊಡೆಯಿತು. "ಇನ್ನೂ ಬಗ್ಗು!" ಅದು ಬಗ್ಗಿತು. "ಮಲಗಿ ಮೈ ಸಡಿಲ ಬಿಡಿ!" ಗುಡ್ಡದಂಥ ಆ ದೇಹ ಅಂಗಾತ ಮಲಗಿತು. ಕಂಚಿನ ಬೆನ್ನು ಕೆಮ್ಮಣ್ಣಿಗೆ ತಾಗಿತು.

ಆಮೇಲೆ ನಾಗಲೆ ಅದರ ಎದೆಯ ಬಳಿ ಮಂಡಿಯೂರಿ, ಪ್ರತಿದಿನ ಪಾಠ ಮುಗಿದಾಗ ಹೇಳುತ್ತಿದ್ದ ಮಾತನ್ನು ಮೆತ್ತಗೆ ಹೇಳಿದಳು: "ಇವತ್ತಿಗೆ ಸಾಕು ಮಕ್ಕಳೇ. ಮನೆಗೆ ಹೋಗಿ."

ಕರಿಯ ಉಂಗುರ ಪಟ್ಟೆಂದು ಸೀಳಿತು. ಅದರಿಂದ ಬೆಚ್ಚಗಿನ ಗಾಳಿಯೊಂದು ಹೊರಟು, ತಂದೆ ತಾಯಂದಿರ ಹೆಗಲ ಮೇಲಿದ್ದ ಮಕ್ಕಳನ್ನು ಒಬ್ಬೊಬ್ಬರನ್ನೇ ಹುಡುಕಿ ಸೇರಿತು. ಬೆಸ್ತರ ಹುಡುಗ ಹೆಗಲಿಂದ ಜಿಗಿದ. ಕುಂಬಾರರ ಹುಡುಗಿ ಅಪ್ಪನನ್ನೇ ಎತ್ತಿ ಕುಣಿಸಿದಳು. ಕೇತಯ್ಯನ ಬೆನ್ನು ನೆಟ್ಟಗಾಯಿತು. ಸೋವಲೆ ಚಾಪೆಯಿಂದ ಎದ್ದು ಓಡಿಬಂದು ತಾಯಿಯ ಕೊರಳಿಗೆ ಜೋತುಬಿದ್ದಳು. ಅದುವರೆಗೆ ಅಳದಿದ್ದ ನಾಗಲೆ ಆಗ ಅತ್ತಳು.

ಹೀರುಗಣ್ಣನಿಗೆ ತನ್ನದೆಂಬ ಬಲ ಒಂದಿಷ್ಟೂ ಇರಲಿಲ್ಲ. ಉಂಗುರ ಒಡೆದೊಡನೆ ಅವನ ರೇಷ್ಮೆಯ ಅಂಗಿಯೇ ಅವನಿಗೆ ಭಾರವಾಗಿ ನೆಲಕ್ಕೆ ಕುಸಿದ. ಕುಗ್ಗಿ ಕುಗ್ಗಿ ಗುಬ್ಬಿಯಷ್ಟಾದ, ಜೀರುಂಡೆಯಷ್ಟಾದ. ಬಟ್ಟೆಯ ಮಡಿಕೆಯಿಂದ ಸಣ್ಣದೊಂದು ನೊರಜು ಹಾರಿಹೋಯಿತು. ಅದನ್ನು ಮತ್ತೆ ಯಾರೂ ಕಾಣಲಿಲ್ಲ.

ಬೀರರಸ ಸಿಂಹಾಸನದಿಂದ ಇಳಿದು ಬಂದು ಕೊರಳಿನ ಮುತ್ತಿನ ಹಾರ ತೆಗೆದು ಚಾಚಿದ. ನಾಗಲೆ ಅದನ್ನು ಮುಟ್ಟಲಿಲ್ಲ.

"ಬೇಡ ಮಹಾಸ್ವಾಮಿ. ನಾನು ಗೆದ್ದೆನೆಂದು ಹಾರ ಕೊಡುತ್ತಿದ್ದೀರಿ. ಸೋತಿದ್ದರೆ? ಆಗಲೂ ನನ್ನ ಮಾತು ನಿಜವೇ ಆಗಿರುತ್ತಿತ್ತಲ್ಲ?"

ರಾಜನ ಕೈ ತಾನಾಗಿ ಕೆಳಗಿಳಿಯಿತು. "ತಪ್ಪಾಯಿತು ತಾಯಿ," ಎಂದ. "ಇನ್ನು ಮುಂದೆ ನೊಂದು ಬಂದವರ ಮಾತನ್ನು ಮೊದಲು ಕೇಳುತ್ತೇನೆ. ನ್ಯಾಯಕ್ಕಾಗಿ ಯಾರೂ ಅಖಾಡಕ್ಕೆ ಇಳಿಯಬೇಕಾಗಿಲ್ಲ."

"ಆ ಮಾತನ್ನು ಗಟ್ಟಿಯಾಗಿ ಹೇಳಿ. ಹಿಂದೆ ನಿಂತವರಿಗೆ ಕೇಳಿಸಲಿಲ್ಲ."

ರಾಜ ಗಟ್ಟಿಯಾಗಿ ಹೇಳಿದ. ಊರಿಗೆಲ್ಲ ಕೇಳಿಸಿತು.

ಹೀರುಗಣ್ಣನ ಮಂಟಪವನ್ನು ಕೆಡವಿ ಅಲ್ಲೊಂದು ಹೊಸ ಅಖಾಡ ಅಗೆದರು. ತೋಳಬಂದಿ ಕಟ್ಟಿ ಮೆರೆದ ನಾಯಕರೇ ಗುದ್ದಲಿ ಹಿಡಿದರು. ಎರಡೇಟಿಗೆ ಸುಸ್ತಾಗಿ ಕೂತವರನ್ನು ಬಾಚವ್ವೆ ಬೈದು ಎಬ್ಬಿಸಿದಳು. ನಾಗಲೆಯ ಮನೆಯವರಿಗೆ ಕೆಲಸ ಹೆಚ್ಚಾಯಿತೇ ಹೊರತು ಕಡಿಮೆಯಾಗಲಿಲ್ಲ. ಆದರೆ ಏಳುಕೆರೆಯಲ್ಲಿ ಅಂದಿನಿಂದ ಒಬ್ಬರ ಬಲ ಇನ್ನೊಬ್ಬರ ತೋಳಿಗೆ ಹೋಗಲಿಲ್ಲ. ಎಲ್ಲರೂ ದುಡಿದು, ಬೆವರಿ, ಕೆಮ್ಮಣ್ಣಿನಲ್ಲಿ ಬಿದ್ದು, ಎದ್ದು, ಮನೆಗೆ ಹೋಗಿ ಹೊಟ್ಟೆತುಂಬ ಉಂಡು, ನೆಮ್ಮದಿಯಾಗಿ ಬಾಳಿದರು.